ದೈತ್ಯರನ್ನು ಸಾಕಿದ ನಮ್ಮ ಕಾಕಾ

ನಮ್ಮ ಕಾಕಾನ ಮನೆಯಲ್ಲಿ ಹದಿನಾಲ್ಕು ಮಂದಿ ದೈತ್ಯರಿದ್ದಾರೆ. ನಗಬೇಡಿ! ಸಿಂದಗಿಯ ಆ ಎರಡು ಕೋಣೆಯ ಮನೆಯಲ್ಲಿ ಕಾಕಾ, ಕಾಕು ಮತ್ತು ಕಾಕುವಿನ ಹೊಲಿಗೆ ಮಷಿನ್ನಿಗೇ ಜಾಗ ಸಾಲದು. ಅಂಥಲ್ಲಿ ಇಷ್ಟು ಜನ ಎಲ್ಲಿ ಮಲಗುತ್ತಾರೆ ಎಂದು ಕೇಳಿದರೆ ಕಾಕಾ ಮಂಚದ ಕೆಳಗಿನ ಟ್ರಂಕಿನ ಕಡೆ ಬೆರಳು ತೋರಿಸುತ್ತಾನೆ. ಅದರೊಳಗೆ ಹದಿನಾಲ್ಕು ಫೈಲುಗಳು. ಒಬ್ಬೊಬ್ಬ ದೈತ್ಯನಿಗೆ ಒಂದೊಂದು. ಎತ್ತರ, ತೂಕ, ಹೆಜ್ಜೆಯ ಉದ್ದ, ಕೊನೆಗೆ ಅವನ ನೆರಳು ಎಷ್ಟು ಗುಂಟೆ ಜಾಗದ ಮೇಲೆ ಬೀಳುತ್ತದೆ ಎಂಬುದೂ ಉಂಟು. ಅದೂ ಬೆಳಿಗ್ಗೆ ಬೇರೆ, ಮಧ್ಯಾಹ್ನ ಬೇರೆ!

ಕಾಕುವಿಗೂ ಅವರೆಲ್ಲರ ಪರಿಚಯವಿದೆ. ಒಮ್ಮೆ ರೊಟ್ಟಿ ಬಡಿಯುತ್ತಾ ನನಗೆ ಹೇಳಿದಳು: "ಹದಿಮೂರು ಮಂದಿ ಬಗ್ಗೆ ನಂದೇನೂ ತಕರಾರಿಲ್ಲವಾ. ಆ ಒಂಬತ್ತನೇದಾಂವ ಮಾತ್ರ ಛೊಲೋ ಅಲ್ಲ. ಹೆಂಡತೀನ ಬಿಟ್ಟಾನ."

ಕಾಕಾ ಭೂಮಾಪನ ಇಲಾಖೆಯಲ್ಲಿದ್ದವನು. ನೌಕರಿಯುದ್ದಕ್ಕೂ ಇಂಡಿ, ಸಿಂದಗಿ ಸೀಮೆಯ ಹೊಲಗಳ ಬದುವಿನ ಮೇಲೆ ಸರಪಳಿ ಎಳೆದವನು. ನಿವೃತ್ತಿಯಾದ ಮೇಲೆ ಉಳಿದವರು ಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಮಧುಮೇಹ ಹಚ್ಚಿಕೊಳ್ಳುತ್ತಾರೆ. ಕಾಕಾ ದೈತ್ಯರನ್ನು ಹಚ್ಚಿಕೊಂಡ. ಅದು ಆದದ್ದು ಹೀಗೆ. ಯಾರದೋ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದಾಗ, ಇಳಿದುಕೊಂಡ ಲಾಡ್ಜಿನ ವರಾಂಡದಲ್ಲಿ ನಾಲ್ಕು ಜನ ಕಾಲೇಜು ಹುಡುಗರು ನಕ್ಷೆಯೊಂದನ್ನು ಹರಡಿಕೊಂಡು ಆಡುತ್ತಿದ್ದರು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಮನುಷ್ಯರಾಗುತ್ತಾರೆ. ಯಾರಾದರೂ "ನಾನು ಗೋಡೆ ಹಾರುತ್ತೇನೆ" ಎಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಹಾರಿದ, ಸಣ್ಣದು ಬಿದ್ದರೆ ಕಾಲು ಮುರಿದುಕೊಂಡ. ಆಟ ಇಷ್ಟೇ. ಆದರೆ ಕಾಕಾನಿಗೆ ಆಟ ಕಾಣಿಸಲೇ ಇಲ್ಲ. ಕಾಣಿಸಿದ್ದು ನಕ್ಷೆ.

"ಏನ್ರಪಾ, ಇದರಾಗ ಉತ್ತರ ದಿಕ್ಕ ಎಲ್ಲೈತಿ?"

ಹುಡುಗರು ನಕ್ಷೆಯನ್ನು ಅತ್ತಿತ್ತ ತಿರುಗಿಸಿ ಹುಡುಕಿದರು. ದಿಕ್ಕಿಲ್ಲದ ನಕ್ಷೆಯನ್ನು ನೋಡಿಕೊಂಡು ಕಾಕಾ ಸುಮ್ಮನೆ ಮದುವೆಗೆ ಹೋಗಲು ಸಾಧ್ಯವೇ? ಚಪ್ಪಲಿ ಬಿಟ್ಟು ಕುಳಿತೇಬಿಟ್ಟ. ಅಕ್ಕಿಕಾಳು ಬಿದ್ದವು, ಊಟ ಮುಗಿಯಿತು, ಮದುಮಕ್ಕಳು ಊರಿಗೂ ಹೋದರು. ಕಾಕಾ ಮರುದಿನ ಜೇಬಿನಲ್ಲೊಂದು ದಾಳ ಇಟ್ಟುಕೊಂಡು ಸಿಂದಗಿಗೆ ಬಂದಿಳಿದ.

"ಮದವಿ ಊಟ ಹೆಂಗಿತ್ರಿ?" ಎಂದಳು ಕಾಕು.

"ಊಟಕ್ಕ ಕೂಡೂದ್ರಾಗ ರಾಕ್ಷಸ ಬಂದ."

ಆಟಕ್ಕೆ ಜನ ಬೇಕಲ್ಲ? ಕಾಕಾ ಮೂವರನ್ನು ಹಿಡಿದ. ಮೊದಲನೆಯವರು ಇಂಡಿಯ ಲಿಂಬೆಹಣ್ಣಿನ ಸಾವ್ಕಾರರು. ಹೊಲದ ಹದ್ದು, ಅಂದರೆ ಗಡಿ, ತೋರಿಸಿಕೊಡಿ ಎಂದು ಕೇಳಲು ಬಂದವರು, ದಾಳ ನೋಡಿ ಹದ್ದು ಮರೆತರು. ಎರಡನೆಯವರು ಬಸವನ ಬಾಗೇವಾಡಿಯ ನರ್ಸ್, ಕಾಕುವಿನ ದೂರದ ನಂಟರು. ನಾವೆಲ್ಲ ಅವರನ್ನು ಸಿಸ್ಟರ್ ಎನ್ನುತ್ತೇವೆ. ಮೂರನೆಯವಳು ನಾನು. ಮುದ್ದೇಬಿಹಾಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ಕಾಕಾನಿಗೆ ಇಲ್ಲ ಅನ್ನಲು ಮಾತ್ರ ಇನ್ನೂ ಕಲಿತಿಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರುವುದು ಎಂದಾಯಿತು.

ಸಾವ್ಕಾರರು ಕತ್ತಿಯ ವೀರರಾದರು. ಸಿಸ್ಟರಿಗೆ ವೈದ್ಯೆಯಾಗಿ ಎಂದರೆ ಕೈಮುಗಿದರು. "ವಾರಪೂರ್ತಿ ಅದನ್ನಽ ಮಾಡ್ತೇನ್ರಿ, ಐತವಾರನೂ ಅದಽ ಏನ್ರಿ? ನಾ ಕಳ್ಳಿ ಆಗ್ತೇನಿ." ಆದರು. ನಾನು ಊರೂರು ಅಲೆಯುವ ಹಾಡುಗಾರ್ತಿ. ನನ್ನ ಒಂದೇ ವಿದ್ಯೆ, ಎಲ್ಲರಿಗಿಂತ ಮೊದಲು ಓಡುವುದು.

ಮೊದಲ ಭಾನುವಾರ ಕಾಕಾ ಫೈಲು ತೆರೆದು, ಗಂಟಲು ಸರಿಮಾಡಿಕೊಂಡು, ದೈತ್ಯನನ್ನು ಕರೆತಂದ.

"ಗುಡ್ಡದ ಹಿಂದಿಂದ ಒಬ್ಬ ದೈತ್ಯ ಬಂದ. ಎತ್ತರ ಅರವತ್ತು ಅಡಿ. ಎದಿ ಅಗಲ ಹದಿನಾರು ಅಡಿ ನಾಕು ಇಂಚು."

ಸಾವ್ಕಾರರು ಒಂದು ಕ್ಷಣ ಲೆಕ್ಕ ಹಾಕಿದರು. "ಅಂದ್ರ ನಮ್ಮೂರ ನೀರಿನ ಟಾಕಿಗಿಂತ ಗಿಡ್ಡ ಆದ್ನಲ್ರಿ ಸಾಹೇಬ್ರ!"

ದೈತ್ಯ ಅಲ್ಲಿಯೇ ಕುಸಿದ. ಯಾರಿಗೂ ಅಂಜಿಕೆ ಬರಲಿಲ್ಲ, ಸಿಸ್ಟರ್ ಆಕಳಿಸಿದರು. ಆಗ ಅಡುಗೆಮನೆಯಿಂದ ಕಾಕುವಿನ ದನಿ ಬಂತು. "ಅಡಿ ಇಂಚು ಹೇಳಿದ್ರ ಯಾರ ಅಂಜತಾರ್ರೀ? ಮಾಳಿಗಿ ಮ್ಯಾಲೆ ಒಣಾಕಿದ ಮೆಣಸಿನಕಾಯಿ ಜಿಗದಾಡಿದ್ವು ಅಂತ ಹೇಳ್ರಿ. ಆಕಳ ಕಣ್ಣಿ ಹರಕೊಂಡು ಹ್ವಾತು ಅಂತ ಹೇಳ್ರಿ."

ಕಾಕಾ ತಕ್ಷಣ ಬರೆದುಕೊಂಡ. ದೈತ್ಯರ ಆಟ ನಡೆಸುವವರಿಗೆ ಇದಕ್ಕಿಂತ ದೊಡ್ಡ ಸಲಹೆಯನ್ನು ನಾನು ಇದುವರೆಗೆ ಕೇಳಿಲ್ಲ. ಕೊಟ್ಟವಳ ಕೈ ಹಿಟ್ಟಾಗಿತ್ತು ಅಷ್ಟೇ.

ಆದರೂ ಅಳತೆಯ ಚಾಳಿ ಬಿಟ್ಟೀತೇ? ಮುಂದಿನ ಸಲ ನಮ್ಮನ್ನು ಕನ್ನೊಳ್ಳಿಯ ಹತ್ತಿರದ ಹೊಲವೊಂದಕ್ಕೆ ಕರೆದುಕೊಂಡು ಹೋದ. ತೊಗರಿ ಕೊಯ್ದು ಖಾಲಿಯಾದ ಕಪ್ಪು ನೆಲದ ಮೇಲೆ ಸುಣ್ಣದ ಪುಡಿಯಿಂದ ಒಂಬತ್ತಡಿ ಉದ್ದದ ಪಾದ ಬರೆದ. "ಈಗ ಹಿಮ್ಮಡದಾಗ ನಿಂದರ್ರಿ!" ಎಂದ. ನಾವು ಮೂವರೂ ನಿಂತೆವು, ಇನ್ನಿಬ್ಬರಿಗೆ ಜಾಗ ಉಳಿಯಿತು. ನಿಜ ಹೇಳುತ್ತೇನೆ, ತಲೆಯೆತ್ತಿ ಮೇಲೆ ನೋಡಿದೆ. ಆಕಾಶ ಬಿಟ್ಟು ಏನೂ ಇರಲಿಲ್ಲ, ಆದರೂ ನೋಡಿದೆ.

ಅಷ್ಟರಲ್ಲಿ ಪಕ್ಕದ ಹೊಲದ ರೈತ ಧೋತರ ಎತ್ತಿಕಟ್ಟಿಕೊಂಡು ಓಡಿಬಂದ. ನಿವೃತ್ತ ಸರ್ವೆ ಸಾಹೇಬರು ಹೊಲದಲ್ಲಿ ಸುಣ್ಣ ಹಾಕುವುದನ್ನು ಕಂಡರೆ ಯಾರ ಎದೆ ಹೊಡೆದುಕೊಳ್ಳುವುದಿಲ್ಲ?

"ಸಾಹೇಬ್ರ, ಇಲ್ಲೆ ರಸ್ತಾ ಬರ್ತೈತೇನ್ರಿ?"

"ಏ, ರಸ್ತಾ ಅಲ್ಲೋ ಮಾರಾಯಾ. ಇಲ್ಲೆ ಒಬ್ಬ ದೈತ್ಯ ಹಾದು ಹ್ವಾದ."

ರೈತ ನೆಮ್ಮದಿಯಿಂದ ಉಸಿರುಬಿಟ್ಟ. "ದೈತ್ಯ ಏನ್ರಿ? ಹಂಗಾದ್ರ ಅಡ್ಡಿಯಿಲ್ಲ ಬಿಡ್ರಿ. ರಸ್ತಾದವ್ರು ಬಂದಾರಂತ ಅಂಜಿದ್ದೆ."

ಹೀಗೆ ಆಟ ಬೆಳೆಯಿತು, ಅದರ ಜೊತೆ ಕಾಕಾನೂ ಬೆಳೆದ. ಸಾವ್ಕಾರರಿಗೆ ದೈತ್ಯ ಕಂಡ ತಕ್ಷಣ ಕತ್ತಿ ಎತ್ತುವ ಅವಸರ. ಕಾಕಾ ತಡೆಯುವನು: "ಅವನ ಕೂಡ ಜಗಳಾ ಆಮ್ಯಾಲೆ ತಗೀರಿ. ಮೊದಲ ಅವನ ಮನಿ ನೋಡ್ರಿ." ಒಮ್ಮೆ ಸಿಸ್ಟರ್ ದೈತ್ಯನ ಬಂಗಾರದ ಹಲ್ಲು ಕದಿಯಲೆಂದು, ಅವನು ಮಲಗಿದ್ದಾಗ ಬಾಯಿಯೊಳಗೇ ಇಳಿದರು. ದಾಳ ಚೆನ್ನಾಗಿಯೇ ಬಿತ್ತು. ಆದರೆ ಒಳಗೆ ಒಂದು ದವಡೆಹಲ್ಲು ಹುಳುಕಾಗಿದೆ ಎಂದು ಕಾಕಾ ಬಾಯಿತಪ್ಪಿ ಹೇಳಿಬಿಟ್ಟ. ಅಲ್ಲಿಗೆ ಕಳ್ಳಿ ಮಾಯವಾದಳು!

"ಎಷ್ಟ ದಿನದಿಂದ ನೂಸತೈತಿ? ಯಾಕ ತೋರಿಸಿಲ್ಲ? ಬಾಯಿ ತಗೀ. ಇನ್ನಾ ದೊಡ್ಡದು ತಗೀ!"

ಕಾಕಾ ದೈತ್ಯನ ಪರವಾಗಿ ಬಾಯಿ ತೆರೆದುಕೊಂಡೇ ಕುಳಿತ. ಹಲ್ಲು ಕೀಳಿಸಿಕೊಂಡು ಆ ದೈತ್ಯ ಅತ್ತ. ಅವನ ಕಣ್ಣೀರು ಒಂದು ಎಕರೆ ಹನ್ನೆರಡು ಗುಂಟೆ ನಿಂತಿತು ಎಂದು ಫೈಲಿನಲ್ಲಿ ಈಗಲೂ ಇದೆ.

ದೈತ್ಯನ ದನಿಗಾಗಿ ಕಾಕಾ ಪಟ್ಟ ಕಷ್ಟ ಒಂದೆರಡಲ್ಲ. ಹಿತ್ತಲಿನ ಖಾಲಿ ನೀರಿನ ಬ್ಯಾರಲ್ಲಿನೊಳಗೆ ತಲೆಯಿಟ್ಟು ದಿನಾ ಮುಂಜಾನೆ "ಯಾರಽಽವ ಅಂವ?" ಎಂದು ಗರ್ಜಿಸುತ್ತಿದ್ದ. ಪಕ್ಕದ ಮನೆಯಾಕೆ ಮರುಗಿ ಕೇಳಿದಳಂತೆ: "ಯಾಕ್ರೀ ವೈನಿ, ಸಾಹೇಬ್ರು ನಿಮಗ ಅಷ್ಟ ಬೈಯಾಕತ್ತಿದ್ರಲ್ಲ?" ಕಾಕು ಬಟ್ಟೆ ಹಿಂಡುತ್ತಾ ಅಂದಳು: "ನನಗಲ್ರಿ. ಬ್ಯಾರಲ್ಲಿಗೆ."

ಆ ಗರ್ಜನೆಯ ಫಲವೋ ಏನೋ, ಹೋದ ವರ್ಷ ಕಾಕಾನ ದನಿ ಒಡೆಯಿತು. ವಿಜಯಪುರದ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯ ಮೇಲೆ ಸಣ್ಣ ಗಂಟು ಇದೆ ಎಂದು ಹೇಳಿ ಅದನ್ನು ತೆಗೆದರು. ಗಾಬರಿಯಾಗಬೇಡಿ, ಅದು ಕೆಟ್ಟ ಗಂಟಲ್ಲ, ಈಗ ಕಾಕಾ ಮೊದಲಿನಷ್ಟೇ ಮಾತಾಡುತ್ತಾನೆ. ಆದರೆ ಆಗ ಆರು ವಾರ ತುಟಿ ಬಿಚ್ಚಬಾರದು, ಪಿಸುಮಾತು ಸಹ ಆಡಬಾರದು ಎಂದು ಕಟ್ಟಪ್ಪಣೆಯಾಯಿತು. ಕಾವಲಿಗೆ ಕಾಕು ನಿಂತಳು. ಕಾಕಾ ಬಾಯಿ ತೆರೆದರೆ ಸಾಕು, "ಏನ್ರೀ! ಡಾಕ್ಟರು!" ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದಳು. ಆಕಳಿಕೆಗೂ ಬಿಡಲಿಲ್ಲ.

ಕಷ್ಟವೆಂದರೆ ಕಥೆ ಕೊನೆಯ ಹಂತಕ್ಕೆ ಬಂದಿತ್ತು. ಹದಿನಾಲ್ಕನೆಯ ದೈತ್ಯ ಬರಬೇಕಿತ್ತು. ಕಾಕಾ ಆರು ತಿಂಗಳಿಂದ ಅವನನ್ನು ತಿದ್ದಿ ತೀಡಿದ್ದ, ಅವನ ಫೈಲು ಎಲ್ಲರದಕ್ಕಿಂತ ದಪ್ಪ. ಆಟ ಮುಂದೂಡೋಣ ಎಂದರೆ ಕಾಕಾ ತಲೆಯಲ್ಲಾಡಿಸಿದ. ಸ್ಲೇಟಿನ ಮೇಲೆ ಬರೆದು ನನ್ನ ಮುಖಕ್ಕೆ ಹಿಡಿದ: "ನೀ ನಡಸು."

ನಾನೇ? ಓಡುವ ಹಾಡುಗಾರ್ತಿಯೇ? ಕಾಕಾ ಕೇಳಲಿಲ್ಲ. ಎರಡು ದಿನ ಕೂರಿಸಿಕೊಂಡು ಪಾಠ ಮಾಡಿದ. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಒಮ್ಮೆಗೆ ಒಬ್ಬನೇ ದೈತ್ಯನನ್ನು ತಾ, ಎರಡನೆಯವನು ಬಂದರೆ ಮೊದಲನೆಯವನು ಸಣ್ಣವನಾಗುತ್ತಾನೆ. ಆಟಗಾರರಿಗೆ ಓಡಿಹೋಗಲು ಒಂದು ಬಂಡಿದಾರಿ ಯಾವಾಗಲೂ ಬಿಟ್ಟಿರು. ಮೊದಲು ಮಾತು, ಆಮೇಲೆ ದಾಳ. ಈ ಕೊನೆಯದರ ಕೆಳಗೆ ಮೂರು ಗೆರೆ ಎಳೆದ, ಸೀಮೆಸುಣ್ಣ ಮುರಿಯಿತು.

ಆ ಭಾನುವಾರ ಬಾಗೇವಾಡಿಯಲ್ಲಿ ಸಿಸ್ಟರ್ ಮನೆಯಲ್ಲಿ ಸೇರಿದೆವು. ಕಾಕಾ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ, ಪಕ್ಕದಲ್ಲಿ ಕಾಕು. ಮೆಣಸಿನಕಾಯಿ ಜಿಗಿಸಿದೆ, ಆಕಳನ್ನೂ ಓಡಿಸಿದೆ, ದೈತ್ಯ ಗುಡ್ಡದಿಂದ ಇಳಿದು ಬಂದ. ಸಾವ್ಕಾರರು "ಹೊಡದೆ!" ಎಂದರು. ನಾನು ಗಡಿಬಿಡಿಯಲ್ಲಿ "ಹಾಕ್ರಿ ದಾಳ" ಎಂದುಬಿಟ್ಟೆ.

ಬಿದ್ದದ್ದು ಇಪ್ಪತ್ತು. ಇಪ್ಪತ್ತಕ್ಕೆ ಎದುರಿಲ್ಲ. ಇನ್ನೊಮ್ಮೆ ಹಾಕಿದರು. ಮತ್ತೆ ಇಪ್ಪತ್ತು! ಆರು ತಿಂಗಳ ದೈತ್ಯ ಹತ್ತು ನಿಮಿಷದಲ್ಲಿ, ಬಾಯಿ ಬಿಡುವ ಮೊದಲೇ, ಸತ್ತುಹೋದ.

ಸಾವ್ಕಾರರು ಎದ್ದು ಕುಣಿದರು. ಸಿಸ್ಟರ್ ಚಪ್ಪಾಳೆ ತಟ್ಟಿ ಚುರುಮುರಿಯ ತಾಟು ತಂದಿಟ್ಟರು. ನನಗೆ ಮಾತ್ರ ಕಾಕಾನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಒಬ್ಬ ಮನುಷ್ಯ ಆರು ತಿಂಗಳು ಪ್ರೀತಿಯಿಂದ ಮಾಡಿದ್ದನ್ನು ನಾನು ಚಹಾ ಆರುವುದರೊಳಗೆ ಮುಗಿಸಿದ್ದೆ. ಆಗ ಸೀಮೆಸುಣ್ಣ ಕಿರ್ರೆಂದಿತು. ಕಾಕಾ ಸ್ಲೇಟು ಎತ್ತಿ ಹಿಡಿದಿದ್ದ.

"ಇವನ ಅವ್ವಗ ಯಾರ ಹೇಳ್ತೀರಿ?"

ಸಾವ್ಕಾರರ ಕೈ ಚುರುಮುರಿಯಲ್ಲೇ ನಿಂತಿತು. "ಅವ್ವನೂ ಅದಾಳೇನ್ರಿ?"

ಇದ್ದಳು. ಫೈಲಿನ ಕೊನೆಯ ಹಾಳೆಯಲ್ಲಿದ್ದಳು, ಗುಡ್ಡದ ಮೇಲೆ ಒಬ್ಬಳೇ.

"ಕೊಂದವ್ರು ನೀವು. ನೀವಽ ಹೋಗ್ರಿ," ಎಂದರು ಸಿಸ್ಟರ್ ಮೆಲ್ಲಗೆ.

ಸಾವ್ಕಾರರು ತಾಟು ಸರಿಸಿ, ಕೈ ಒರೆಸಿಕೊಂಡು, ನನ್ನೆದುರಿಗೆ ಬಂದು ನೆಲದ ಮೇಲೆ ಕುಳಿತರು. ಈಗ ನಾನು ಆ ತಾಯಿಯಾಗಬೇಕಿತ್ತು. ದೊಡ್ಡ ದನಿ ತೆಗೆಯಲು ನೋಡಿದೆ, ಬರಲಿಲ್ಲ. ನನ್ನ ದನಿಯಲ್ಲೇ ಕೇಳಿದೆ.

"ಯಾರಪಾ ನೀನು?"

"ಕೆಳಗಿನ ಊರಾಂವ್ರಿ."

"ನನ್ನ ಮಗನ್ನ ನೋಡಿದೇನು? ಮುಂಜಾನಿ ಇಳದು ಹೋಗ್ಯಾನ."

"ನೋಡಿದೆ."

"ಹೆಂಗದಾನ?"

ಮಾರ್ಕೆಟ್ಟಿನಲ್ಲಿ ಮೈಕಿಲ್ಲದೆ ಹರಾಜಿನ ಸವಾಲು ಕೂಗುವ ಆ ಮನುಷ್ಯ ಹೆಗಲ ಮೇಲಿನ ಟವೆಲು ತೆಗೆದು ಕೈಗೆ ಸುತ್ತಿಕೊಂಡರು. "ನಾ ಕೊಂದೇನವಾ," ಎಂದರು ಕೊನೆಗೆ.

ನನಗೆ ಹೊಳೆದದ್ದು ಒಂದೇ. "ಅವ ಅಂಜಿದ್ನೇನು?"

"ಇಲ್ಲವಾ. ಅಂಜಿದಾಂವ ನಾನು. ಅಂಜಿಕೊಂಡಽ ಹೊಡದೆ."

ಸಲಹೆಗಾಗಿ ಕಾಕಾನ ಕಡೆ ನೋಡಿದೆ. ಅವನು ಸ್ಲೇಟನ್ನು ತೊಡೆಯ ಮೇಲೆ ಮಗುಚಿ ಇಟ್ಟಿದ್ದ. ಅದಕ್ಕೇ ಬಾಯಿಗೆ ಬಂದದ್ದನ್ನು ಹೇಳಿದೆ: "ಕೂಡಪಾ. ಗುಡ್ಡಾ ಹತ್ತಿ ಬಂದೀದಿ, ದಣದೀದಿ."

ಸಾವ್ಕಾರರು ಟವೆಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಸಿಸ್ಟರ್ ಎದ್ದು ಚಹಾ ಬಿಸಿ ಮಾಡಲು ಹೋದರು. ದಾಳವನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಸಂಜೆ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ, ಕಾಕು ಸಿಂದಗಿಯ ಬಸ್ಸು ಹತ್ತಿದರು. ನಾನು ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತಾ ಅವರ ಕಿಟಕಿಯ ಕೆಳಗೆ ನಿಂತಿದ್ದೆ. ಬಸ್ಸು ಗುರುಗುಟ್ಟಿತು. ಕಾಕಾ ಸ್ಲೇಟು ಹುಡುಕಿದ. ಅದು ಕಾಲಡಿಯ ಚೀಲದಲ್ಲಿತ್ತು, ತೆಗೆಯಲು ಹೊತ್ತಿರಲಿಲ್ಲ. ಕಿಟಕಿಯ ಸರಳಿನ ಸಂದಿಯಿಂದ ಕೈ ಹೊರಚಾಚಿ ನನ್ನನ್ನು ಹತ್ತಿರ ಕರೆದ, ಮಫ್ಲರ್ ಕೆಳಗೆ ಸರಿಸಿದ.

"ಛೊಲೋ ಆತವಾ," ಎಂದ. ಒಣಗಿದ ಎಲೆ ಸರಿದಷ್ಟು ಸದ್ದು.

ನಾನು ಹೆದರಿ ಕಾಕುವಿನ ಕಡೆ ನೋಡಿದೆ. ಅವಳಿಗೆ ಕೇಳಿಸಿತ್ತು. ಆದರೆ ಅವಳು ಆಚೆಯ ಕಿಟಕಿಯತ್ತ ಮುಖ ತಿರುಗಿಸಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಾ, ಏನೂ ಕೇಳಿಸದವಳಂತೆ ಕುಳಿತಿದ್ದಳು.