ಕಾಕುವಿನ ಸೂಟಿಯೂ ಥಾಯ್ಲೆಂಡ್ ಸರ್ಕಾರವೂ

ನಮ್ಮ ಕಾಕುವಿಗೆ ಈ ಜಗತ್ತಿನಲ್ಲಿ ಯಾರ ಮೇಲೂ ಸಿಟ್ಟಿಲ್ಲ, ಥಾಯ್ಲೆಂಡ್ ಸರ್ಕಾರವೊಂದನ್ನು ಬಿಟ್ಟು!

ಹೌದು, ನೀವು ಸರಿಯಾಗಿಯೇ ಓದಿದಿರಿ. ಎದುರುಮನೆಯವರು ಸ್ಕೂಟರ್ ತಂದು ಇವರ ಗೇಟಿಗೆ ಅಡ್ಡ ನಿಲ್ಲಿಸಿದರೂ "ಇರ್ಲಿ ಬಿಡ್ರಿ" ಅನ್ನುವ ಹೆಂಗಸು, ಹಾಲಿನವನು ಧಾರಾಳವಾಗಿ ನೀರು ಬೆರೆಸಿದರೂ "ಅವನಿಗೂ ಹೆಂಡತಿ ಮಕ್ಕಳು ಇದ್ದಾರ" ಎಂದು ಕ್ಷಮಿಸುವ ಹೆಂಗಸು, ಥಾಯ್ಲೆಂಡ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಸೌಟು ಹಿಡಿದು ಎದ್ದು ನಿಲ್ಲುತ್ತಾರೆ. "ಸಾಲಿ ಯಾವಾಗ ಸುರು ಮಾಡಬೇಕು ಅನ್ನೋದು ಆ ಮಂದಿಗೆ ತಿಳೀವಲ್ದು. ಇನ್ನ ರಾಜ್ಯ ಏನ್ ಆಳ್ತಾರ?"

ಕಾಕು ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಮದುವೆಯಾಗಿ ವಿಜಯಪುರದ ಕಡೆಯಿಂದ ಪುಣೆಗೆ ಬಂದವರು, ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಕಾಕಾ ರಾಂಜಣಗಾಂವದ ಕಾರ್ಖಾನೆಯೊಂದರ ಆಫೀಸಿನಲ್ಲಿ ದುಡಿದು ಈಗ ಮನೆಯಲ್ಲಿದ್ದಾರೆ. ಮಗ ಸಾತಾರಾದಲ್ಲಿ ನೀರಿನ ಪಂಪಿನ ಅಂಗಡಿ ಇಟ್ಟಿದ್ದಾನೆ. ಬ್ಯಾಂಕಿನ ಕೆಲಸಕ್ಕೆಂದು ಈ ಊರಿಗೆ ಬಂದ ನಾನು ಭಾನುವಾರಕ್ಕೊಮ್ಮೆ ಇವರ ಮನೆಯ ರೊಟ್ಟಿ ತಿನ್ನುತ್ತೇನೆ. ಆದ್ದರಿಂದ ಥಾಯ್ಲೆಂಡಿನ ವಿದ್ಯಮಾನಗಳೆಲ್ಲ ನನಗೆ ವಾರವಾರವೂ ಬಿಸಿಬಿಸಿಯಾಗಿ ಸಿಗುತ್ತವೆ.

ಈ ಜಗಳ ನಿಮಗೆ ಅರ್ಥವಾಗಬೇಕಾದರೆ ಮೊದಲು ಕಾಕುವಿನ ಸೂಟಿಯ ವಿಷಯ ತಿಳಿಯಬೇಕು. ನಮ್ಮ ಕಡೆ ರಜೆಗೆ ಸೂಟಿ ಅನ್ನುತ್ತಾರೆ. ಶಾಲೆ ನಡೆಯುವ ದಿನ ರಜೆ ಹಾಕುವುದೆಂದರೆ ಕಾಕುವಿನ ಲೆಕ್ಕದಲ್ಲಿ ಏಕಾದಶಿಯ ದಿನ ಉಳ್ಳಾಗಡ್ಡಿ ಭಜಿ ತಿಂದಷ್ಟೇ ಪಾಪ! ಕೆಲಸಕ್ಕೆ ಸೇರಿದಂದಿನಿಂದ ಅವರು ಒಂದು ದಿನವೂ ರಜೆ ಹಾಕಿರಲಿಲ್ಲ. ಹಾಗಾದರೆ ಜ್ವರ? ಮೇ ತಿಂಗಳಲ್ಲಿ. ಹಲ್ಲುನೋವು? ಗಣಪತಿ ಹಬ್ಬಕ್ಕೆ ಶುರುವಾದ ನೋವನ್ನು ಲವಂಗ ಕಚ್ಚಿಕೊಂಡು ದೀಪಾವಳಿ ಸೂಟಿಯವರೆಗೆ ಎಳೆದು ತಂದು ಹಲ್ಲು ಕೀಳಿಸಿಕೊಂಡ ಗಟ್ಟಿಗಿತ್ತಿ ಇವರು. ಕಾಕಾನಿಗೆ ಹರ್ನಿಯಾ ಆದಾಗಲಂತೂ ಆಪರೇಶನ್ ಆಗಲೇಬೇಕೆಂದ ಡಾಕ್ಟರಿಗೆ ಮರಾಠಿಯಲ್ಲಿ ಕೇಳಿದರಂತೆ: "ಡಾಕ್ಟರ್, ದಿವಾಳಿಚ್ಯಾ ಸುಟ್ಟೀಪರ್ಯಂತ ಥಾಂಬತಾ ಯೇಯೀಲ ಕಾ?" ದೀಪಾವಳಿ ಸೂಟಿಯವರೆಗೆ ತಡೆಯಬಹುದೇ ಎಂದು! ಮಂಚದ ಮೇಲೆ ಮಲಗಿದ್ದ ಕಾಕಾ ತಾವೇ ಎದ್ದು ಕೂತು, ಗಾಬರಿಯಲ್ಲಿ ಕನ್ನಡದಲ್ಲಿಯೇ, "ಸಾಹೇಬ್ರ, ಕೇಳಬ್ಯಾಡ್ರಿ ಅಕೀ ಮಾತು, ಈಗಿಂದೀಗ ಕೊಯ್ದ್ ಬಿಡ್ರಿ" ಎಂದು ಕೈಮುಗಿದರಂತೆ.

ಮಗನ ಮದುವೆಗೆ ಭಟ್ಟರು ಫೆಬ್ರುವರಿಯಲ್ಲಿ ಒಳ್ಳೆಯ ಮುಹೂರ್ತ ತೆಗೆದರು. "ಗುರುಬಲ ಭಾಳ ಛಲೋ ಅದರಿ" ಅಂದರು. ಕಾಕು ಪಂಚಾಂಗವನ್ನು ಮಡಚಿ ಅವರ ಕೈಗಿಟ್ಟು ಹೇಳಿದರು: "ಗುರುಬಲ ಇರಬಹುದ್ರಿ, ರಜಾಬಲ ಇಲ್ಲ. ಮೇ ತಿಂಗಳದಾಗ ನೋಡ್ರಿ." ಮೇ ಬಿಸಿಲಲ್ಲಿ ಮದುವೆ ನಡೆಯಿತು. ಮದುಮಗನ ಬಾಸಿಂಗದಿಂದ ಬೆವರು ತೊಟ್ಟಿಕ್ಕುತ್ತಿದ್ದುದನ್ನು ಜನ ಆನಂದಬಾಷ್ಪ ಎಂದುಕೊಂಡರು.

ಇಂಥ ಮನೆಯ ಮಹಡಿಯ ಕೋಣೆಗೆ, ಈಗ ಹದಿನೈದು ವರ್ಷದ ಹಿಂದೆ, ಥಾಯ್ಲೆಂಡಿನಿಂದ ಪುಣೆಗೆ ಓದಲು ಬಂದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಬಾಗಿಲು ತೆರೆದ ಕಾಕು ಹಿಂದಿಯಲ್ಲಿ ಹೆಸರು ಕೇಳಿದರು. ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು "ನೋಯ್" ಅಂದಳು.

ಕಾಕುವಿಗೆ ಗಾಬರಿ. "ಅಯ್ಯ, ಎದಿ ನೋಯ್ತದೇನವಾ?"

ಹುಡುಗಿ ಇನ್ನೂ ಗಟ್ಟಿಯಾಗಿ ಎದೆ ಮುಟ್ಟಿಕೊಂಡು "ನೋಯ್! ನೋಯ್!" ಅಂದಳು. ಕಾಕಾ ಚಪ್ಪಲಿ ಮೆಟ್ಟದೆ ಆಟೋ ತರಲು ಓಡಿದರು. ಅವರು ಆಟೋ ತರುವಷ್ಟರಲ್ಲಿ ಹುಡುಗಿಗೆ ಒಂದು ಲೋಟ ಅಜವಾನದ ಕಷಾಯ ಕುಡಿಸಿ ಆಗಿತ್ತು. ನೋಯ್ ಎಂಬುದೇ ಅವಳ ಹೆಸರು, ಅವರ ಭಾಷೆಯಲ್ಲಿ ಅದಕ್ಕೆ ಸಣ್ಣಾಕೆ ಎಂದರ್ಥ ಎಂದು ತಿಳಿಯುವ ಹೊತ್ತಿಗೆ ಆಟೋದವನು ಬಾಡಿಗೆಗಾಗಿ ಕೂಗಾಡುತ್ತಿದ್ದ.

ತಾಯಿಯಿಲ್ಲದ ಹುಡುಗಿ, ಅಜ್ಜಿ ಸಾಕಿ ದೊಡ್ಡವಳನ್ನಾಗಿ ಮಾಡಿದ್ದು. ಅಷ್ಟು ತಿಳಿದದ್ದೇ ತಡ, ಅವಳ ಊಟ ಮಹಡಿಯಿಂದ ಕೆಳಗಿಳಿದು ಕಾಕುವಿನ ಅಡುಗೆಮನೆಗೆ ಬಂತು. ಅಲ್ಲಿಯೇ ಅವಳು ಕಾಕುವಿನ ಮಾತನ್ನೂ ಕಲಿತಳು. ಆದರೆ ತಾನು ಕಲಿಯುತ್ತಿರುವುದು ಮರಾಠಿ ಎಂದೇ ಅವಳ ನಂಬಿಕೆ! ಪುಣೆಯಲ್ಲಿ ಜನ ಆಡುವುದು ಮರಾಠಿ, ಕಾಕು ಇರುವುದು ಪುಣೆಯಲ್ಲಿ, ಅಂದಮೇಲೆ ಕಾಕು ಆಡುವುದು ಮರಾಠಿಯಲ್ಲದೆ ಇನ್ನೇನು? ತರ್ಕದಲ್ಲಿ ಏನಾದರೂ ತಪ್ಪಿದೆಯೇ ನೀವೇ ಹೇಳಿ. ಒಂದು ದಿನ ಕಾಯಿಪಲ್ಲೆ ಸಂತೆಗೆ ಒಬ್ಬಳೇ ಹೋಗಿ, "ಬದ್ನಿಕಾಯಿ ಹೆಂಗ್ರೀ? ಭಾಳ ತುಟ್ಟಿ ಆತಲ್ರೀ!" ಎಂದು ಶುರುಮಾಡಿದಳು. ಮಾರುವವನು ಕಕ್ಕಾಬಿಕ್ಕಿಯಾದ. ಪಕ್ಕದಲ್ಲಿ ಕೊತ್ತಂಬರಿ ಹರವಿಕೊಂಡು ಕೂತಿದ್ದ ಜಮಖಂಡಿಯ ಮುದುಕಿ ಮಾತ್ರ ಬುಟ್ಟಿ ಬಿಟ್ಟು ಎದ್ದಳು. "ಅಯ್ಯ ನಮ್ಮವ್ವಾ! ನೀ ಯಾವೂರಾಕೀ?"

ನೋಯ್ ಠೀವಿಯಿಂದ ಉತ್ತರಿಸಿದಳು: "ನಾ ಕಾಕು ಮನ್ಯಾಕಿ!"

ಮೂರು ವರ್ಷ ಓದಿ ಅವಳು ಊರಿಗೆ ಹೊರಟಾಗ ಕಾಕು ಅವಳ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ, "ಅಳಬ್ಯಾಡ. ಮುಂದಿನ ಸೂಟಿಗೆ ನಿಮ್ಮೂರಿಗೆ ನಾನ ಬರ್ತೀನಿ" ಎಂದು ಮಾತು ಕೊಟ್ಟರು. ಕೊಟ್ಟ ಮಾತಿಗೂ ಕಾಕುವಿಗೂ ನಡುವೆ ಅಡ್ಡ ಬಂದದ್ದು, ಇನ್ನಾರು? ಥಾಯ್ಲೆಂಡ್ ಸರ್ಕಾರ!

ನೋಯ್ ಅಲ್ಲಿ ಶಾಲೆಯೊಂದರಲ್ಲಿ ಟೀಚರಾದಳು. ಅಲ್ಲಿಯ ಶಾಲೆಗಳಿಗೆ ದೊಡ್ಡ ಸೂಟಿ ಮಾರ್ಚ್, ಏಪ್ರಿಲ್‌ನಲ್ಲಿ. ಕಾಕು ಇಲ್ಲಿ ಪರೀಕ್ಷೆ, ಫಲಿತಾಂಶ ಮುಗಿಸಿ ಮೇ ತಿಂಗಳಲ್ಲಿ ಉಸಿರು ಬಿಡುವ ಹೊತ್ತಿಗೆ ಅಲ್ಲಿ ಹೊಸ ಮಕ್ಕಳ ಭರ್ತಿಯ ಗಡಿಬಿಡಿ. ನಿಲ್ದಾಣದಲ್ಲಿ ಎದುರುಬದುರಾದ ಎರಡು ರೈಲುಗಳಂತೆ ಇಬ್ಬರ ಸೂಟಿಗಳು ಮುಖ ನೋಡಿಕೊಂಡು ದಾಟಿಹೋಗುತ್ತಿದ್ದವು. ಆಮೇಲೆ ಅವಳಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಇನ್ನು ಸರಿಹೋದೀತು ಎಂದುಕೊಂಡರೆ, ಸುತ್ತಲಿನ ದೇಶಗಳಿಗೆ ಹೊಂದಿಕೆಯಾಗಲೆಂದು ಅಲ್ಲಿಯ ವಿಶ್ವವಿದ್ಯಾಲಯಗಳು ಜೂನ್‌ನಲ್ಲಿ ತೆರೆಯುತ್ತಿದ್ದ ಬಾಗಿಲನ್ನು ಆಗಸ್ಟ್‌ಗೆ ತಳ್ಳಿಬಿಡಬೇಕೆ! ಉರಿಬಿಸಿಲ ಏಪ್ರಿಲ್‌ನಲ್ಲಿ ಪಾಠ, ಮೇನಲ್ಲಿ ಪರೀಕ್ಷೆ, ಸೂಟಿ ಬರುವುದು ಜೂನ್ ನಡುವಿಗೆ. ಸರಿಯಾಗಿ ಅದೇ ವಾರ ಪುಣೆಯಲ್ಲಿ ಕಾಕುವಿನ ಶಾಲೆಯ ಗಂಟೆ ಹೊಡೆಯುತ್ತದೆ.

"ಬ್ಯಾಸಗ್ಯಾಗ ಸೂಟಿ ಕೊಡಬೇಕು ಅನ್ನೋದು ನಮ್ಮ ಒಂದನೇ ಕ್ಲಾಸಿನ ಹುಡುಗರಿಗೂ ಗೊತ್ತದ!" ಎಂದು ಕಾಕು ಹಾರಾಡಿದರು. ಬರೀ ಹಾರಾಡಲಿಲ್ಲ, ಪರಿಹಾರವನ್ನೂ ಕಂಡುಹಿಡಿದರು. "ಜೂನದಾಗ ಮಿರಗದ ಮಳಿ ಬಿದ್ದ ಮರುದಿನ ಇಡೀ ಏಶಿಯಾ ಖಂಡದಾಗ ಸಾಲಿ ಸುರು. ಮುಗೀತು!"

"ಮಳೀನ ಬರಲಿಲ್ಲಂದ್ರ, ಕಾಕು?" ಎಂದೆ.

"ಸಾಲಿ ಸುರು ಮಾಡಿ ನೋಡು, ಮಳಿ ತಾನ ಬರ್ತದ. ಹುಡುಗರ ಹೊಸಾ ಯುನಿಫಾರ್ಮ್ ತೋಯಿಸೋದಂದ್ರ ಅದಕ್ಕ ಅಷ್ಟ್ ಖುಷಿ!"

ಈ ಯೋಜನೆಯನ್ನು ಥಾಯ್ಲೆಂಡಿಗೆ ಮುಟ್ಟಿಸುವ ಅವಕಾಶವೂ ಒದಗಿಬಂತು. ಇಲ್ಲಿಯ ಕಾಲೇಜೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಆಹಾರ ಮೇಳ. ಥಾಯ್ ಮಳಿಗೆಯ ಮುಂದೆ ಟೈ ಕಟ್ಟಿಕೊಂಡ ಹಿರಿಯರೊಬ್ಬರು ನಿಂತಿದ್ದರು. ಟೈ ಕಂಡದ್ದೇ ಕಾಕು ಸೆರಗು ಸಿಕ್ಕಿಸಿಕೊಂಡು ಮುನ್ನುಗ್ಗಿದರು. ಜೂನ್ ಯಾಕೆ ಒಳ್ಳೆಯದು, ಆಗಸ್ಟ್ ಯಾಕೆ ಕೆಟ್ಟದ್ದು ಎಂದು ಹಿಂದಿಯಲ್ಲಿ ಕಾಲು ಗಂಟೆ ಪಾಠವಾಯಿತು. ಆ ಮನುಷ್ಯ ಒಂದೊಂದು ವಾಕ್ಯಕ್ಕೂ ಕೈಮುಗಿದು ತಲೆಬಾಗಿಸುತ್ತಿದ್ದ. ಕೊನೆಗೆ ಬಲು ಗೌರವದಿಂದ ಒಂದು ತಟ್ಟೆ ಕಚ್ಚಾ ಪಪ್ಪಾಯಿಯ ಕೋಸಂಬರಿ ಕೊಟ್ಟ.

ತಿನ್ನುತ್ತ ಕಾಕು ಸ್ವಲ್ಪ ಕರಗಿದರು. "ಮಂದಿ ಛಲೋ ಇದ್ದಾರ. ಖಾರಾನೂ ಬೇಷ್ ಹಾಕ್ತಾರ. ತಿಂಗಳಾ ಎಣಸೋದೊಂದ ತಪ್ತದ." ಆಮೇಲೆ ವಿಚಾರಿಸಿದರೆ ಆತ ಅಧಿಕಾರಿಯೂ ಅಲ್ಲ, ಗಿಧಿಕಾರಿಯೂ ಅಲ್ಲ, ಹಣ್ಣಿನ ರಸದ ಡಬ್ಬಿ ಮಾರಲು ಬಂದ ವ್ಯಾಪಾರಿ!

ಆದರೂ ಕಾಕುವಿನ ಪಾಠ ಯಾವ ಗಾಳಿಯಲ್ಲಿ ತೇಲಿಹೋಯಿತೋ, ಕೆಲವು ವರ್ಷಗಳಲ್ಲಿ ನೋಯ್‌ಳ ವಿಶ್ವವಿದ್ಯಾಲಯ ಮತ್ತೆ ಜೂನ್‌ಗೇ ಮರಳಿತು. ಏಪ್ರಿಲ್, ಮೇ ಸೂಟಿ! ಕಾಕು ಓಣಿಗೆಲ್ಲ ಪೇಡೆ ಹಂಚಿದರು. ಪಾಸ್‌ಪೋರ್ಟ್ ಆಯಿತು, ಟಿಕೆಟ್ ಆಯಿತು, ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿದ್ದಾಯಿತು. ಹೊರಡುವ ವಾರ ಬಂತು ಆದೇಶ: ಚುನಾವಣೆಯ ಡ್ಯೂಟಿ! ಮಗಳ ಮನೆಗೆ ಹೋಗಬೇಕಾದ ತಾಯಿ ಮತಗಟ್ಟೆಯಲ್ಲಿ ಕೂತು ಊರವರ ಬೆರಳಿಗೆಲ್ಲ ಶಾಯಿ ಹಚ್ಚಿದರು.

"ಇದೂ ಆ ಥಾಯ್ಲೆಂಡ್ ಸರಕಾರದ್ದ ತಪ್ಪು" ಎಂದರು ಮನೆಗೆ ಬಂದು.

ಕಾಕಾ ಧೈರ್ಯ ಮಾಡಿ ಕೇಳಿದರು, "ನಮ್ಮ ಚುನಾವಣಿಗೂ ಅವರಿಗೂ ಏನ್ ಸಂಬಂಧ?"

"ಅವರು ಮೊದಲ ಸರಿಯಾಗಿದ್ದ್ರ ನಾ ಹತ್ತು ವರ್ಷದ ಹಿಂದನ ಹೋಗಿ ಬಂದಿರ್ತಿದ್ದೆ, ಹೌದಲ್ರಿ?"



ಆಮೇಲೆ ನೋಯ್‌ಳ ಮದುವೆ ನಿಶ್ಚಯವಾಯಿತು. ಡಿಸೆಂಬರ್, ಅಂದರೆ ಶಾಲೆಯ ದಿನ. ಕಾಕು ಫೋನಿನಲ್ಲಿಯೇ ಮದುವೆ ನೋಡಿ, ಫೋನಿನ ಮೇಲೆಯೇ ಅಕ್ಷತೆ ಹಾಕಿದರು. ಚಾರ್ಜರ್ ಚುಚ್ಚುವ ತೂತಿನಲ್ಲಿ ಅರಿಶಿನದ ಅಕ್ಕಿಕಾಳು ಸಿಕ್ಕಿಕೊಂಡು, ರಿಪೇರಿಯವನು ಚಿಮಟಿಯಿಂದ ತೆಗೆದು, "ಹೇ ಕಾಯ, ಕಾಕೂ?" ಇದೇನು ಎಂದು ಕೇಳಿದ. "ಆಶೀರ್ವಾದ" ಎಂದರು ಇವರು.

ಕಳೆದ ವರ್ಷ ಒಂದು ಭಾನುವಾರ ನಾವು ಊಟಕ್ಕೆ ಕೂತಿದ್ದಾಗ ನೋಯ್ ಫೋನ್ ಮಾಡಿದಳು. ಅವಳಿಗೆ ದಿನ ತುಂಬುತ್ತಿದ್ದವು, ಆಗಸ್ಟ್‌ನಲ್ಲಿ ಹೆರಿಗೆ. ಸಾಕಿದ ಅಜ್ಜಿ ಆ ವರ್ಷವೇ ತೀರಿಕೊಂಡಿದ್ದರು. "ಕಾಕು, ನಂಗ ಅಂಜಿಕಿ ಬರ್ತದ" ಎಂದಳು, ಅಷ್ಟೇ. ಬಾ ಎನ್ನಲಿಲ್ಲ. ಕಾಕುವಿನ ಸೂಟಿಯ ಲೆಕ್ಕ ಅವಳಿಗೂ ಬಾಯಿಪಾಠವಾಗಿತ್ತಲ್ಲ.

ನಾನೂ ಕಾಕಾನೂ ಥಾಯ್ಲೆಂಡ್ ಸರ್ಕಾರದ ಮೇಲೆ ಬೀಳಲಿರುವ ಸಿಡಿಲಿಗಾಗಿ ಕಾದೆವು. ಕಾಕು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಸುಮ್ಮನೆ ತುಂಡು ಮಾಡುತ್ತ ಕೂತರು. ಮರುದಿನ ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತು ಕೇಳಿದರಂತೆ: "ಸರ್, ರಜಾ ಅರ್ಜಿ ಹೆಂಗ ಬರೀತಾರ್ರಿ?"

ಅವರು ನಕ್ಕರಂತೆ. ತಮಾಷೆಯಲ್ಲವೆಂದು ತಿಳಿದಾಗ ಕುರ್ಚಿಯಿಂದ ಎದ್ದರಂತೆ. "ಬಾಯಾರ, ಸ್ವಲ್ಪ ವಿಚಾರ ಮಾಡ್ರಿ. ನಿಮ್ಮ ನಿವೃತ್ತಿಗೆ ಇನ್ನ ಭಾಳ ದಿನ ಇಲ್ಲ. ಒಂದೂ ರಜಾ ಹಾಕದ ಟೀಚರು ಅಂತ ಶಾಲು, ಬೆಳ್ಳಿ ಲೋಟಾ ಕೊಟ್ಟು ದೊಡ್ಡ ಸತ್ಕಾರ ಮಾಡಬೇಕಂತ ಕಮಿಟಿಯವರು ಠರಾಯಿಸ್ಯಾರ."

"ಶಾಲು ನನ್ನ ಕಡೆ ನಾಕೈದು ಅದಾವ್ರಿ. ಬೇಕಿದ್ರ ನಿಮಗೂ ಒಂದು ಕೊಡ್ತೀನಿ" ಎಂದು ಕಾಕು ಅರ್ಜಿಗೆ ಸಹಿ ಹಾಕಿದರು.

ಬಾಣಂತಿಗೆ ಅಂಟಿನ ಉಂಡಿ, ಅಜವಾನ, ಕೂಸಿಗೆ ಬಜೆ, ಹಳೆಯ ಮೆತ್ತನೆಯ ಸೀರೆಗಳು. ಪೆಟ್ಟಿಗೆ ತುಂಬಿಸಿಕೊಂಡು ಮುಂಬಯಿಯ ವಿಮಾನ ನಿಲ್ದಾಣಕ್ಕೆ ಹೊರಟೆವು. ಘಾಟಿನ ಮಳೆಯಲ್ಲಿ ಕಾರು ನಿಧಾನವಾಗಿತ್ತು. ಮಾತಿಗೆಂದು ನಾನು, "ಕಾಕು, ಇಷ್ಟು ವರ್ಷದ ನೇಮ ಮುರದ್ರಲ್ಲ, ಕೆಟ್ಟ ಅನಸೂದಿಲ್ಲೇನು?" ಎಂದೆ.

ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು. "ನನ್ನ ಮಗ ಹುಟ್ಟಿದ್ದ ವರ್ಷ ನಮ್ಮವ್ವ ಹೋಗಿಬಿಟ್ಟಿದ್ದಳು. ನಾ ಈ ಊರಿಗೆ ಹೊಸಬಿ, ಮರಾಠಿ ಒಂದಕ್ಷರ ಬರ್ತಿರಲಿಲ್ಲ. ಬಾಜೂ ಮನಿ ಆಜಿ ದಿನಾ ಮುಂಜಾನೆ ಬಂದು ಕೂಸಿಗೆ ಎಣ್ಣಿ ಹಚ್ಚಿ ಎರದು, ನನಗ ಉಣ್ಣಿಸಿ ಹೋಗಾಕಿ. ನಾ ಅವ್ವನ್ನ ನೆನಸಿ ಅಳಾಕ ಹತ್ತಿದ್ರ ಬಾಜೂಕ ಕೂತು ಏನೇನೋ ಮಾತಾಡಾಕಿ. ಏನಂತಿದ್ದಳೋ ನನಗ ಇವತ್ತಿಗೂ ಗೊತ್ತಿಲ್ಲ. ಖರೇ, ಅಳು ನಿಲ್ತಿತ್ತು."

ಮುಂದಿನ ಸೀಟಿನಲ್ಲಿದ್ದ ಕಾಕಾ ಹಿಂತಿರುಗಿ ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಹೆಣ್ಣುಕೂಸು ಹುಟ್ಟಿತು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಾವು ಫೋನ್ ಮಾಡಿದಾಗ ಕಾಕು ನೆಲದ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು. ಹಿಂದೆ ಮಂಚದ ಮೇಲೆ ನೋಯ್, ಕಿವಿಗೆ ಬಿಗಿಯಾಗಿ ಬಟ್ಟೆ ಸುತ್ತಿಸಿಕೊಂಡು ನಗುತ್ತಿದ್ದಳು. "ಆಮ್ಯಾಲೆ ಮಾತಾಡೋಣ, ನೀರು ಆರ್ತದ" ಎಂದು ಕಾಕು ಫೋನನ್ನು ಪಕ್ಕಕ್ಕಿಟ್ಟರು, ಕಟ್ ಮಾಡುವುದನ್ನು ಮರೆತು. ಪರದೆಯ ಮೇಲೆ ಯಾವುದೋ ದೇಶದ ಮನೆಯ ಸೂರು, ಮೆಲ್ಲಗೆ ತಿರುಗುವ ಫ್ಯಾನು. ತಂಬಿಗೆಯಿಂದ ನೀರು ಸುರಿಯುವ ಸದ್ದು. ಕೂಸು ಕಿರುಚಿ ಅತ್ತಿತು. ಅದರ ಮೇಲೆ ಕಾಕುವಿನ ದನಿ, ಏನು ಹೇಳುತ್ತಿದ್ದರೋ ನಮಗೂ ಸರಿಯಾಗಿ ಕೇಳಿಸಲಿಲ್ಲ. ಅಳು ಸಣ್ಣದಾಯಿತು, ಬಿಕ್ಕಾಯಿತು, ನಿಂತಿತು.

ನಾನು ಫೋನ್ ಇಡಲು ಕೈ ಚಾಚಿದೆ. "ತಡಿ" ಎಂದು ಕಾಕಾ ಅದನ್ನು ಎತ್ತಿ ಕಿವಿಗೆ ಹಿಡಿದುಕೊಂಡರು.