ಇಪ್ಪತ್ತೊಂದನೆಯ ಸೀಸೆ

ಹದಿನೆಂಟು ವರ್ಷ ಕೆಟ್ಟ ಸೀಸೆಗಳನ್ನು ಆರಿಸಿ ಎಸೆದವನಿಗೆ, ಒಂದು ಬೆಳಿಗ್ಗೆ ಕರೆದು "ಇಪ್ಪತ್ತು ಸೀಸೆ ಕೆಡಿಸು" ಎಂದರೆ ಹೇಗಾಗಬೇಡ? ಕೆಮ್ಮಿನ ಔಷಧಿಯ ಕಾರ್ಖಾನೆಯ ತಪಾಸಣೆಗಾರನಿಗೆ ಕೈಯೇ ಬರಲಿಲ್ಲ. ಸೀಸೆಯನ್ನು ದೀಪಕ್ಕೆ ಹಿಡಿದನೆಂದರೆ ಅವನ ಕಣ್ಣು ತಪ್ಪಿಸಿ ಒಂದೂ ಹೋಗದು. ಹಾಗಾಗಿಯೇ ಅವನಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಅಣಕಕ್ಕೆ ಇಟ್ಟದ್ದಾದರೂ ಪುಣ್ಯಾತ್ಮ ಅದನ್ನೊಂದು ಬಿರುದು ಎಂದುಕೊಂಡಿದ್ದ.

ಈಗ ಆ ಕೆಲಸಕ್ಕೆ ಕ್ಯಾಮೆರಾ ಕಣ್ಣಿನ ಯಂತ್ರ ಬಂದು ಕೂತಿತ್ತು. ಒಪ್ಪಿಕೊಳ್ಳುವ ಮುನ್ನ ಅದಕ್ಕೊಂದು ಪರೀಕ್ಷೆ. ಭೂತಗನ್ನಡಿ ಹಿಂದಿನ ದಿನ ನೋಡಿ ಪಾಸು ಮಾಡಿದ ಸಾವಿರ ಒಳ್ಳೆಯ ಸೀಸೆಗಳ ನಡುವೆ, ಬೇಕೆಂದೇ ಕೆಡಿಸಿದ ಇಪ್ಪತ್ತನ್ನು ಬೆರೆಸಿ ಓಡಿಸಬೇಕು. ಯಂತ್ರ ಆ ಇಪ್ಪತ್ತನ್ನೂ ಹೊರಗೆ ತಳ್ಳಬೇಕು, ಒಳ್ಳೆಯದೊಂದನ್ನೂ ಮುಟ್ಟಬಾರದು.

"ಇವತ್ತು ಪಾಸಾದ್ರೆ ನಾಳೆಯಿಂದ ನಿಮ್ಗೆ ಹತ್ತು ದಿನ ರಜೆ," ಎಂದಿದ್ದರು ಮ್ಯಾನೇಜರ್. "ಇಲ್ದಿದ್ರೆ ಪಾಸಾಗೋವರೆಗೂ ಇಲ್ಲೇ."

ಆರು ವರ್ಷದಿಂದ ಅವನು ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಹೇಳುತ್ತಲೇ ಬಂದಿದ್ದ. ಸಂಜೆ ಏಳಕ್ಕೆ ರೈಲು. ಮಧ್ಯಾಹ್ನದೊಳಗೇ ಅವಳು ಮೂರು ಸಲ ಫೋನ್ ಮಾಡಿದ್ದಳು.

ಅಂತೂ ಮನಸ್ಸು ಗಟ್ಟಿ ಮಾಡಿಕೊಂಡು ಐದಕ್ಕೆ ಮುಚ್ಚಳ ಸಡಿಲಿಸಿದ, ಐದರಲ್ಲಿ ಔಷಧಿ ಕಡಿಮೆ ಮಾಡಿದ, ಐದಕ್ಕೆ ಗೀರು ಹಾಕಿದ, ಐದಕ್ಕೆ ಲೇಬಲ್ ಸೊಟ್ಟಗೆ ಅಂಟಿಸಿದ. ಇಪ್ಪತ್ತರ ತಳಕ್ಕೂ ಗುರುತಿಗೆ ಕೆಂಪು ಚುಕ್ಕೆ ಇಟ್ಟು ಚಹಾ ಕುಡಿಯಲು ಹೋದ. ಅದೇ ಎಡವಟ್ಟಾಯಿತು.

ಯಂತ್ರ ಓಡಿತು. ಹೊರಗೆ ಬಿದ್ದದ್ದು ಹದಿನೈದೇ! ಯಂತ್ರದ ಕಂಪನಿಯಿಂದ ಬಂದಿದ್ದ ಟೈ ಕಟ್ಟಿದ ಮನುಷ್ಯನ ಮುಖ ಇಂಗು ತಿಂದ ಮಂಗನಂತಾಯಿತು. ಅಷ್ಟರಲ್ಲಿ ಲೇಬಲ್ ವಿಭಾಗದ ಅಕ್ಕ ಭೂತಗನ್ನಡಿಯನ್ನು ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು:

"ಐದು ಲೇಬಲ್ ಸೊಟ್ಟಗಿತ್ತು ಕಣಪ್ಪಾ. ದೊಡ್ಡೋರೆಲ್ಲ ಬಂದಿದ್ದಾರೆ, ನಿನ್ನ ಮಾನ ಹೋಗ್ಬಾರ್ದು ಅಂತ ನಾನೇ ಕಿತ್ತು ನೆಟ್ಟಗೆ ಅಂಟಿಸ್ಬಿಟ್ಟೆ. ಯಾರಿಗೂ ಹೇಳ್ಬೇಡ."

"ಅಯ್ಯೋ ಅಕ್ಕಾ! ಅದು ಸೊಟ್ಟಗೇ ಇರ್ಬೇಕಿತ್ತು!"

"ಸೊಟ್ಟಗೆ ಇರೋಕೆ ಸಂಬಳ ಕೊಡ್ತಾರೇನೋ?"

ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಅವನ ಗಂಟಲ ಪಸೆ ಆರಿತು. ಮತ್ತೆ ಐದಕ್ಕೆ ಸೊಟ್ಟ ಲೇಬಲ್ ಅಂಟಿಸಿ, ಈ ಸಲ ಚಹಾ ಗಿಹಾ ಏನೂ ಬೇಡವೆಂದು ಕೋಳಿ ಮೊಟ್ಟೆ ಕಾಯುವಂತೆ ಅಲ್ಲೇ ಕೂತ.

ನಾಲ್ಕೂವರೆಗೆ, ಅವನೇ ಹಿಂದಿನ ದಿನ ಪಾಸು ಮಾಡಿದ್ದ ಇನ್ನೊಂದು ಸಾವಿರ ಸೀಸೆಗಳ ಜೊತೆ ಯಂತ್ರ ಎರಡನೆಯ ಸಲ ಓಡಿತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು! ಭೂತಗನ್ನಡಿ ಚಪ್ಪಾಳೆ ತಟ್ಟಲು ಕೈ ಎತ್ತಿದ್ದ. ಟಕ್ ಎಂದು ಇನ್ನೊಂದು ಬಿತ್ತು.

ಎಲ್ಲರೂ ಬಾಗಿದರು. ಇಪ್ಪತ್ತೊಂದನೆಯದರ ತಳದಲ್ಲಿ ಕೆಂಪು ಚುಕ್ಕೆ ಇರಲಿಲ್ಲ.

"ಒಳ್ಳೇ ಸೀಸೆನ ತಳ್ಳಿದೆ. ಯಂತ್ರ ಫೇಲು," ಎಂದರು ಮ್ಯಾನೇಜರ್.

ಟೈ ಮನುಷ್ಯ ಸೀಸೆಯನ್ನು ದೀಪಕ್ಕೆ ಹಿಡಿದ. "ಸಾರ್, ಒಳಗೆ ಏನೋ ತೇಲ್ತಾ ಇದೆ ನೋಡಿ."

ನಿಜ. ಪುಟ್ಟದೊಂದು ಸೊಳ್ಳೆ, ಔಷಧಿಯಲ್ಲಿ ಹಾಯಾಗಿ ಮಲಗಿತ್ತು. ಹಿಂದಿನ ದಿನ ಆ ಸೀಸೆಯನ್ನು ಪಾಸು ಮಾಡಿದವನು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಪೆಟ್ಟಿಗೆಯ ಮೇಲೆ ಭೂತಗನ್ನಡಿಯ ಸಹಿ ದುಂಡಗೆ ಕೂತಿತ್ತು.

"ಇದು ಸೊಳ್ಳೆನೋ, ಗುಳ್ಳೆನೋ?" ಮ್ಯಾನೇಜರ್ ಅವನನ್ನೇ ಕೇಳಿದರು. "ನೀವು ಹೇಳಿದ್ದೇ ಕೊನೆ. ಗುಳ್ಳೆ ಅಂದ್ರೆ ಯಂತ್ರದ ತಪ್ಪು, ನಾಳೆ ಮತ್ತೆ ಪರೀಕ್ಷೆ. ಸೊಳ್ಳೆ ಅಂದ್ರೆ ಯಂತ್ರ ಪಾಸು."

ಹದಿನೆಂಟು ವರ್ಷದ ಹೆಸರು ಒಂದು ಕಡೆ, ಆರು ವರ್ಷದ ಸಮುದ್ರ ಇನ್ನೊಂದು ಕಡೆ. ಕಿಸೆಯಲ್ಲಿ ಫೋನ್ ಬೇರೆ ಗುಂಯ್ ಎನ್ನುತ್ತಿತ್ತು. ಅವನಿಗೆ ಅಳುವೇ ಬಂದಂತಾಯಿತು. ಕಣ್ಣು ಮುಚ್ಚಿ, "ಸೊಳ್ಳೆ ಸಾರ್, ನನ್ನದೇ ತಪ್ಪು," ಎಂದವನೇ ಅದನ್ನೇ ಬರೆದು ಸಹಿ ಹಾಕಿಯೇಬಿಟ್ಟ.

ಟೈ ಮನುಷ್ಯ ಅವನನ್ನು ತಬ್ಬಿಕೊಂಡ. ಮ್ಯಾನೇಜರ್ ಕೈ ಕುಲುಕಿ, ನಿಯಮದ ಪುಸ್ತಕ ತೆಗೆದರು.

"ನಿಮ್ಮಂಥ ಪ್ರಾಮಾಣಿಕರು ಸಿಗೋದು ಕಷ್ಟ. ಆದ್ರೆ ನೋಡಿ, ಯಂತ್ರ ಆಗ್ಲಿ ಮನುಷ್ಯ ಆಗ್ಲಿ, ಕೆಟ್ಟ ಸೀಸೆ ಪಾಸು ಮಾಡಿದ್ರೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಹತ್ತು ದಿನ. ನಾಳೆ ಬೆಳಿಗ್ಗೆ ಎಂಟಕ್ಕೆ ಬಂದ್ಬಿಡಿ."

"ಸಾರ್, ರಜೆ..."

"ಆ ಹತ್ತು ದಿನದ ರಜೇನ ಈ ತರಬೇತಿಗೇ ಹಾಕ್ಕೊಂಡಿದ್ದೀನಿ. ನಿಮ್ಗೇನೂ ನಷ್ಟ ಇಲ್ಲ."

ಕಿಸೆಯ ಫೋನ್ ಮತ್ತೆ ಗುಂಯ್ ಎಂದಿತು. ಈ ಸಲ ಎತ್ತಲೇಬೇಕಾಯಿತು.

"ಏನ್ರೀ, ಪಾಸಾಯ್ತಾ?"

"ಯಂತ್ರ ಪಾಸಾಯ್ತು ಕಣೇ."

"ಮತ್ಯಾಕೆ ಸತ್ತೋರ ಹಾಗೆ ಮಾತಾಡ್ತಿದ್ದೀರಿ?"

"ನಾನು ಫೇಲಾದೆ."

ಅವಳು ತಣ್ಣಗೆ ಹೇಳಿದಳು:

"ಸರಿ ಬಿಡಿ. ನಾನು ಅಮ್ಮನ್ನ ಕರ್ಕೊಂಡು ಹೋಗಿ ಬರ್ತೀನಿ. ನೀವು ಚೆನ್ನಾಗಿ ಓದ್ಕೊಳ್ಳಿ."