ತಾಂಡೂರಿನ ಎಮ್ಮೆ

ಮಲ್ಕಾಜ್‌ಗಿರಿಯ ಶಿವಶರಣಪ್ಪನವರು ಅಮರರಾಗಲಿದ್ದಾರೆಂಬ ಸುದ್ದಿ ಫೋನಿನಲ್ಲಿ ಬಂದಾಗ, ಅವರ ಹೆಂಡತಿ ಗುಣವತಿ ಬೆಂಡೆಕಾಯಿ ಹೆಚ್ಚುತ್ತಿದ್ದರು. ರೈಲ್ವೆ ಕಚೇರಿಯ ನಿವೃತ್ತ ಹೆಡ್‌ಕ್ಲರ್ಕಾದ ಶಿವಶರಣಪ್ಪನವರು ಒಂದು ಕಾಲಕ್ಕೆ 'ವಾಡಿ ಜಂಕ್ಷನ್' ಎಂಬ ಆಟ ಕಂಡುಹಿಡಿದಿದ್ದರು. ಕವಡೆ ಹಾಕುವುದು, ಹಾಸಿನ ಮೇಲೆ ವಾಡಿಯಿಂದ ಸಿಕಂದರಾಬಾದಿಗೆ ಗಾಡಿ ನಡೆಸುವುದು. (ಸರ್ವಿಸ್ಸಿನುದ್ದಕ್ಕೂ ಒಂದೂ ಗಾಡಿ ಓಡಿಸದಿದ್ದರೂ ಮನೆಯಲ್ಲಿ ಮಾತ್ರ ದಿನಾ ರೈಲು ಬಿಡುತ್ತಿದ್ದರು.) ಆಟ ಸುಲ್ತಾನ್ ಬಜಾರಿನ ಅಂಗಡಿಗಳಲ್ಲಿ ಕೆಲಕಾಲ ಚೆನ್ನಾಗಿಯೇ ಓಡಿತ್ತು. ಈಗ, ಆಟ-ಆಟಿಕೆ ಕಟ್ಟಿದವರ ಖಾಸಗಿ ಕಾಗದಪತ್ರಗಳನ್ನು ಕಾಪಾಡುವ ಸಂಗ್ರಹಾಲಯದವರು ಭಾನುವಾರ ಬರುತ್ತಾರಂತೆ!

"ಇನ್ನ ನನ್ನ ಹೆಸರು ನೂರು ವರ್ಷ ಉಳಿತೈತಿ ನೋಡು."

"ಮದ್ಲ ಟ್ರಂಕಿನ್ಯಾಗ ಜಿರಳಿ ಏನರ ಉಳಿಸ್ಯಾವೇನು ನೋಡ್ರಿ."

ಜಿರಳೆಗಳು ದಯೆ ತೋರಿಸಿದ್ದವು. ಆದರೆ ಕಾಗದಗಳ ಅವತಾರ ಕಂಡು ಶಿವಶರಣಪ್ಪನವರು ಬೆವೆತರು. ಹಳೆ ಟೈಮ್‌ಟೇಬಲ್ಲಿನ ಬೆನ್ನು, ಮದುವೆ ಕಾರ್ಡಿನ ಹೊಟ್ಟೆ, ಎಲ್ಲೆಂದರಲ್ಲಿ ನಿಯಮಗಳು. ಮೇಲೆ ಗೀಟೆಳೆದು ಹೊಡೆದ ಕಾಟು, ಅರಿಶಿನ, ಚಹಾ ಕಪ್ಪಿನ ಚಕ್ರವ್ಯೂಹ. ಇಂಥದ್ದನ್ನು ಮೇಲಿನವರ ಮುಂದಿಡುವ ಗುಮಾಸ್ತ ರೈಲ್ವೆಯಲ್ಲಿ ಇನ್ನೂ ಹುಟ್ಟಿಲ್ಲ. ವಾರವಿಡೀ ಕೂತು, ಗೆರೆ ಹಾಕಿದ ಹಾಳೆಗಳಲ್ಲಿ ಮುತ್ತಿನಂಥ ಶುದ್ಧಪ್ರತಿ ಇಳಿಸಿ, ಕರಡನ್ನೆಲ್ಲ ಬಚ್ಚಲೊಲೆಗೆ ಆಹುತಿ ಕೊಟ್ಟರು.

ಭಾನುವಾರ ಸಂಗ್ರಹಾಲಯದ ಸುಹಾಸಿನಿ ಬಂದಳು. ಹಾಳೆ ತಿರುವಿದಂತೆಲ್ಲ ಅವಳ ಮುಖ ಬಾಡಿತು.

"ಅಕ್ಷರ ಭಾಳ ಚಂದ ಅದಾವ ಸರ್. ಹಳೇ ಕಾಗದ ಎಲ್ಲಿ?"

"ಹೊಲಸಾಗಿದ್ವು. ಸುಟ್ಟೆ."

"ಸುಟ್ರಾ? ಆಟ ಹೆಂಗ ಹುಟ್ಟಿತು ಅನ್ನೋದು ಆ ಕಾಟಿನ್ಯಾಗೇ ಇರ್ತೈತಿ ಸರ್!" ನಿಟ್ಟುಸಿರು ಬಿಟ್ಟು ಟೇಪ್ ರೆಕಾರ್ಡರ್ ಒತ್ತಿದಳು. "ಹೋಗ್ಲಿ, ನೀವೇ ಹೇಳ್ರಿ. ತಾಂಡೂರಿನ್ಯಾಗ ಎಲ್ಲಾರಕಿಂತ ಮುಂದಿದ್ದ ಗಾಡಿ ಯಾಕ ಒಂದು ಸರ್ತಿ ಆಟ ಬಿಟ್ಟು ನಿಂದ್ರಬೇಕು?"

"ಅದು ಏಳನೇ ನಿಯಮ."

"ಅದೇ, ಆ ನಿಯಮ ಯಾಕ ಬಂತು?"

"ಆರನೇದು ಮುಗೀತಲ್ಲ!"

"ಎಮ್ಮಿ ಅಡ್ಡ ಬಂದಾವಲ್ರೀ!" ಒಳಗಿಂದ ಗುಣವತಿ ಕೈ ಒರೆಸಿಕೊಳ್ಳುತ್ತ ಬಂದರು. "ನಮ್ಮ ಮೈದುನನ ಮಗಳು ಯಾವಾಗ್ಲೂ ತಾನೇ ಗೆದ್ದು ಉಳಿದ ಹುಡುಗರನ್ನ ಅಳಿಸ್ತಿದ್ಲು. ಅದಕ್ಕ ನಾನೇ ತಾಂಡೂರಿನ್ಯಾಗ ಎಮ್ಮಿ ತಂದು ಮಲಗಿಸಿದೆ. ಇವರು ಆಫೀಸಿಂದ ಬಂದು ಬರಕೊಂಡ್ರು."

"ಏ, ಸುಮ್ನಿರು. ರೂಲ್ಸಿನ್ಯಾಗ ಎಮ್ಮಿ ಎಲ್ಲೈತಿ?"

"ನೀವು ಶುದ್ಧ ಮಾಡೋದ್ರಾಗ ತಪ್ಪಿಸಿಕೊಂಡು ಹೋಗೇತಿ."

ಸುಹಾಸಿನಿಯ ಮುಖ ಅರಳಿತು. ಕುರ್ಚಿಯೂ ಗುಣವತಿಯ ಕಡೆ ತಿರುಗಿತು. ವಿಕಾರಾಬಾದಿನ ಏರು, ಸೇಡಂನ ಸಿಗ್ನಲ್ಲು, ಎಲ್ಲಕ್ಕೂ ಒಂದೊಂದು ಜಗಳದ ಜಾತಕ ಹೊರಬಂತು. ಕ್ಯಾಸೆಟ್ ಮುಗಿದಾಗ ಸುಹಾಸಿನಿ ಅದರ ಮೇಲೆ ಬರೆದಳು: 'ಆಟ ಕಟ್ಟಿದವರು: ಗುಣವತಿ. ಬರಹ: ಶಿವಶರಣಪ್ಪ.'

"ಹಂಗಾರ ನಾ ಬರೀ ಬರದವನಾ?"

"ಅಕ್ಷರ ನಿಮ್ಮವೇ ಅಲ್ರೀ ಸರ್! ಇನ್ ಮ್ಯಾಲೆ ಅಮ್ಮಾರು ಬರದ ಒಂದು ಚೂರು ಕಾಗದಾನೂ ಒಗೀಬ್ಯಾಡ್ರಿ. ಎಲ್ಲಾ ನಮಗ ಬೇಕು."

ಅವಳು ಅತ್ತ ಹೋಗುತ್ತಲೇ ಇತ್ತ ಗುಣವತಿ ಲಕೋಟೆಯೊಂದರ ಬೆನ್ನ ಮೇಲೆ ಗೀಚಿ ಗಂಡನ ಕೈಗಿತ್ತರು. "ಪಾಯಸ ಮಾಡ್ತೀನ್ರಿ. ಶಾವಿಗಿ, ಬೆಲ್ಲ, ಗೋಡಂಬಿ ತರ್ರಿ."

ಶಿವಶರಣಪ್ಪನವರು ಚೀಟಿ ಮಡಚಿ ಜೇಬಿಗಿಳಿಸಹೊರಟರು.

"ಅಯ್ಯ, ಮಡಚಬ್ಯಾಡ್ರಿ! ಅಂಗಡಿಯವ ಇಟ್ಕೊಂಡ್ರ ಕಸಕೊಂಡು ಬರ್ರಿ. ಬೆಲ್ಲ ಮರತ್ರೂ ನಡೀತೈತಿ, ಕಾಗದ ಮಾತ್ರ ವಾಪಸ್ ತರ್ರಿ!"